ಒಂದಡಿ ನಾಯಿ, ಕೈತುಂಬ ಕೆಲಸ: ಜ್ಯಾಕ್ ರಸೆಲ್ ಟೆರಿಯರ್ ಸಾಕುವವರಿಗೆ

ಮರಿ ಮನೆಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ನಮ್ಮ ಮೈಸೂರಿನ ಮನೆಯ ಹಿತ್ತಲಲ್ಲಿ 17 ಗುಂಡಿ ಬಿದ್ದಿದ್ದವು. ಸುಮ್ನೆ ಹೇಳುತ್ತಿಲ್ಲ, ಎಣಿಸಿದ್ದೆ. ಕರಿಬೇವಿನ ಬುಡದಲ್ಲಿ ಮೂರು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡು, ಉಳಿದದ್ದೆಲ್ಲ ಅತ್ತೆ ಆಸೆಪಟ್ಟು ನೆಟ್ಟಿದ್ದ ಸುಗಂಧರಾಜದ ಸಾಲಿನಲ್ಲಿ. "ಇದು ನಾಯಿನಾ, ಜೆಸಿಬಿನಾ?" ಅಂದರು ಅತ್ತೆ. ಗುಂಡಿಗೆ ಕಲ್ಲು ತುಂಬಿದೆ. ಪಕ್ಕದಲ್ಲಿ ಇನ್ನೊಂದು ತೋಡಿದಳು. ಯಾರೋ ಹೇಳಿದರು ಅಂತ ಖಾರದ ಪುಡಿ ಎರಚಿದೆ. ಅವಳು ಸೀನಿದಳು, ನನ್ನ ಕಣ್ಣು ಉರಿಯಿತು, ಗುಂಡಿ ಮಾತ್ರ ನಿಲ್ಲಲಿಲ್ಲ.

ಅವಳ ಹೆಸರು ಕಡ್ಲೆ. ಬಿಳಿ ಮೈ, ಒಂದು ಕಿವಿ ಮತ್ತು ಒಂದು ಕಣ್ಣಿನ ಸುತ್ತ ಕಂದು. ತೂಕ ಆರು ಕಿಲೋ. ಈಗ ಅವಳಿಗೆ 11 ವರ್ಷ. ಈ ಹನ್ನೊಂದು ವರ್ಷದಲ್ಲಿ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಟ್ರೇನರೂ ಅಲ್ಲ. ಔಷಧಿ, ಡೋಸು ವಿಷಯದಲ್ಲಿ ನಿಮ್ಮ ಪಶುವೈದ್ಯರ ಮಾತೇ ಕೊನೆ.

ಮೊದಲು ಇದು ಎಂಥ ನಾಯಿ ಅಂತ ತಿಳಿದುಕೊಳ್ಳಿ

ಟೆರಿಯರ್ ಅನ್ನುವ ಹೆಸರು ಬಂದದ್ದು ಲ್ಯಾಟಿನ್‌ನ 'ಟೆರ್ರಾ' ಅನ್ನುವ ಪದದಿಂದ. ಅಂದರೆ ನೆಲ. ಹೆಸರಿನಲ್ಲೇ ಜಾತಕ ಇದೆ ಅಲ್ವಾ?

ಇಂಗ್ಲೆಂಡಿನ ಡೆವನ್‌ನಲ್ಲಿ ಜಾನ್ ರಸೆಲ್ ಅಂತ ಒಬ್ಬ ಪಾದ್ರಿ ಇದ್ದರು. 1795ರಲ್ಲಿ ಹುಟ್ಟಿ 1883ರಲ್ಲಿ ತೀರಿಕೊಂಡರು. ಚರ್ಚಿನ ಕೆಲಸಕ್ಕಿಂತ ನರಿ ಬೇಟೆಯ ಹುಚ್ಚೇ ಜಾಸ್ತಿ ಅಂತ ಹೆಸರಾದವರು. ಆಕ್ಸ್‌ಫರ್ಡ್‌ನಲ್ಲಿ ಓದುವಾಗ, 1819ರ ಸುಮಾರಿಗೆ, ಒಬ್ಬ ಹಾಲಿನವನ ಹತ್ತಿರ ಟ್ರಂಪ್ ಅನ್ನುವ ಹೆಣ್ಣುನಾಯಿಯನ್ನು ಕೊಂಡರು. ಅಲ್ಲಿಂದ ಶುರುವಾದದ್ದು ಈ ತಳಿ. ಮೈ ಹೆಚ್ಚಾಗಿ ಬಿಳಿ ಇರುವುದು ಅಂದಕ್ಕಲ್ಲ. ಪೊದೆಯಿಂದ ಹೊರಬಂದದ್ದು ಕೆಂಚು ನರಿಯೋ ನಮ್ಮ ನಾಯಿಯೋ ಅಂತ ಬೇಟೆಗಾರರಿಗೆ ಗೊಂದಲ ಆಗಬಾರದು ಅಂತ.

ಇದರ ಕೆಲಸ ಏನಿತ್ತು ಅಂದರೆ ನರಿಯ ಬಿಲದೊಳಗೆ ನುಗ್ಗುವುದು. ಕತ್ತಲಲ್ಲಿ, ಒಬ್ಬಂಟಿಯಾಗಿ, ಯಜಮಾನ ಹೇಳುವುದನ್ನು ಕಾಯದೆ. ಅಡ್ಡ ಬಂದ ಮಣ್ಣು ಬಗೆಯುವುದು, ಬೊಗಳಿ ಬೊಗಳಿ ನರಿಯನ್ನು ಹೊರಗೆ ಓಡಿಸುವುದು. ಎದೆಯ ಸುತ್ತಳತೆ ಎರಡು ಅಂಗೈಗಳ ನಡುವೆ ಸಿಗಬೇಕು ಅಂತ ಇವತ್ತಿಗೂ ತಳಿಯ ಬಲ್ಲವರು ಕೈ ಹಾಕಿ ನೋಡುತ್ತಾರೆ. ದಪ್ಪ ಎದೆಯ ನಾಯಿ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ. ಈಗ ನಿಮ್ಮ ದೂರುಗಳ ಪಟ್ಟಿ ತೆಗೆಯಿರಿ. ಅಗೆಯುತ್ತದೆ. ಬೊಗಳುತ್ತದೆ. ಹೇಳಿದ ಮಾತು ಕೇಳುವುದಿಲ್ಲ. ಓಡಿಹೋಗುತ್ತದೆ. ಇನ್ನೂರು ವರ್ಷ ಜನ ಕಷ್ಟಪಟ್ಟು ಆರಿಸಿ ಬೆಳೆಸಿದ ಗುಣಗಳೇ ಇವು.

ಹಳೇ ಗ್ರಾಮೊಫೋನ್ ರೆಕಾರ್ಡುಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿ ಇತ್ತಲ್ಲ, ನಿಪ್ಪರ್, ಅದೂ ಟೆರಿಯರ್ ಬೆರಕೆಯೇ. ಮನೆಗೆ ಬಂದವರ ಕಾಲಿಗೆ ಹಿಂದಿನಿಂದ ಬಾಯಿ ಹಾಕುತ್ತಿತ್ತು ಅಂತಲೇ ಆ ಹೆಸರು ಬಂದದ್ದು. ಚಿತ್ರದಲ್ಲಿ ಮಾತ್ರ ಎಷ್ಟು ಸಾಧು!

ನಿಮಗೆ ಇದು ಸರಿಹೋಗುತ್ತದಾ?

ಗಾತ್ರ ನೋಡಿ ಈ ನಾಯಿ ತರಬೇಡಿ. ಎತ್ತರ 25ರಿಂದ 30 ಸೆಂಟಿಮೀಟರ್, ತೂಕ ಐದಾರು ಕಿಲೋ. ಫ್ಲಾಟಿಗೆ ಸರಿಯಾಗಿದೆ ಅಂತ ಅನ್ನಿಸುವುದು ಸಹಜ. ಫ್ಲಾಟಿನಲ್ಲೂ ಸಾಕಬಹುದು, ಆದರೆ ಒಂದು ಷರತ್ತಿಗೆ ಒಪ್ಪಿದರೆ. ದಿನಕ್ಕೆ ಕನಿಷ್ಠ ಒಂದು ಗಂಟೆಯ ಓಡಾಟ, ಜೊತೆಗೆ ಅರ್ಧ ಗಂಟೆ ತಲೆಗೆ ಕೆಲಸ. ಮಳೆ ಬರಲಿ, ಮನೆಯಲ್ಲಿ ಮದುವೆ ಇರಲಿ. 13ರಿಂದ 16 ವರ್ಷ ಬದುಕುವ ನಾಯಿ ಇದು. ನಿಮ್ಮ ಒಂದನೇ ಕ್ಲಾಸಿನ ಮಗು ಕಾಲೇಜು ಮುಗಿಸುವ ತನಕ ಅಂತ ಲೆಕ್ಕ ಹಾಕಿ.

ಮನೆಯವರೆಲ್ಲ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರಾದರೆ ಬೇಡ. ಕೋಳಿ, ಮೊಲ, ಗಿಳಿ ಸಾಕಿದ್ದರೂ ಬೇಡ. ಬೆಕ್ಕಿನ ಜೊತೆಗೆ ಮರಿಯಿಂದಲೇ ಬೆಳೆದರೆ ಆ ಒಂದು ಬೆಕ್ಕನ್ನು ಬಿಟ್ಟೀತು, ಪಕ್ಕದ ಮನೆಯ ಬೆಕ್ಕನ್ನು ಬಿಡುತ್ತದೆ ಅಂತ ಹೇಳಲಾರೆ. ತೀರಾ ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾಯಿ, ಮಗು ಎರಡನ್ನೂ ಒಟ್ಟಿಗೆ ಬಿಟ್ಟು ಅಡುಗೆಮನೆಗೆ ಹೋಗುವ ಹಾಗಿಲ್ಲ. ಬಾಲ ಎಳೆಸಿಕೊಂಡು ಸುಮ್ಮನಿರುವ ಜಾತಿ ಅಲ್ಲ ಇದು.

ಮರಿ ಆರಿಸುವಾಗ

ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಅಂತ ನಮ್ಮ ದೇಶದ 2017ರ ನಾಯಿ ಸಾಕಣೆ ನಿಯಮಗಳೇ ಹೇಳುತ್ತವೆ. ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಆ ಎಂಟು ವಾರ ಕಳೆದರೇ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು. ನಮ್ಮ ಕಡ್ಲೆ ಬಂದಾಗ ಅವಳಿಗೆ ಬರೀ ಐದು ವಾರ. ಮಾರಿದವನು "ಎರಡು ತಿಂಗಳು ಆಗಿದೆ" ಅಂದ, ನಾನು ನಂಬಿದೆ. ಮರುದಿನ ಡಾಕ್ಟರು ಬಾಯಿ ತೆರೆದು ಹಲ್ಲು ನೋಡಿ ನಕ್ಕರು.

ಹೋದಾಗ ತಾಯಿನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಮರಿಯ ಬೆನ್ನ ಹಿಂದೆ ನಿಂತು, ಅದಕ್ಕೆ ಕಾಣದ ಹಾಗೆ, ಒಮ್ಮೆ ಚಪ್ಪಾಳೆ ತಟ್ಟಿ. ಬಿಳಿ ಬಣ್ಣ ಜಾಸ್ತಿ ಇರುವ ನಾಯಿಗಳಲ್ಲಿ ಹುಟ್ಟುಗಿವುಡು ಕಾಣಿಸುವುದುಂಟು. ಮೂರು ಕಾಲಿನಲ್ಲಿ ಕುಂಟುತ್ತಾ ನಾಲ್ಕು ಹೆಜ್ಜೆ ಹಾಕಿ, ಆಮೇಲೆ ಏನೂ ಆಗದ ಹಾಗೆ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಸಣ್ಣ ಜಾತಿಗಳಲ್ಲಿ ಇದು ಮಾಮೂಲು ತೊಂದರೆ. ಬಾಲ ಕತ್ತರಿಸಿಕೊಡಲಾ ಅಂತ ಕೇಳಿದರೆ ಖಂಡಿತ ಬೇಡ ಅನ್ನಿ. ಬಿಲದಲ್ಲಿ ಹಿಡಿದು ಎಳೆಯಲಿಕ್ಕೆ ಒಂದು ಹಿಡಿ ಬಾಲ ಬಿಡುತ್ತಿದ್ದ ಕಾಲ ಯಾವತ್ತೋ ಮುಗಿಯಿತು.

ಮರಿ ಬರುವ ಮುಂಚೆ ಮನೆಯನ್ನು ಒಮ್ಮೆ ನೆಲದ ಮಟ್ಟದಿಂದ ನೋಡಿ

ನಿಜವಾಗಿಯೂ ಮಂಡಿಯೂರಿ ನೋಡಿ. ಗೇಟಿನ ಕೆಳಗೆ ಎಷ್ಟು ಸಂದು ಇದೆ? ನಿಮ್ಮ ಮುಷ್ಟಿ ಆರಾಮಾಗಿ ಹೋದರೆ ಮರಿಯೂ ಹೋಗುತ್ತದೆ. ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಗೇಟಿನ ಕೆಳಭಾಗಕ್ಕೆ ತಂತಿ ಜಾಲರಿ ಕಟ್ಟಿಸಿ. ಬೇಲಿಯಾದರೆ ಜಾಲರಿಯನ್ನು ಅರ್ಧ ಅಡಿಯಾದರೂ ಮಣ್ಣಿನೊಳಗೆ ಹೂಳಿ. ಬಾಲ್ಕನಿ ಸರಳುಗಳ ನಡುವಿನ ಸಂದಿಗೂ ಅಷ್ಟೇ. ನಾಯಿಯ ಎತ್ತರ ಕಡಿಮೆ ಅಂತ ಕಾಂಪೌಂಡನ್ನು ನಂಬಬೇಡಿ. ನಮ್ಮ ನಾಲ್ಕಡಿ ಗೋಡೆಯನ್ನು ಕಡ್ಲೆ ಪಕ್ಕದಲ್ಲಿಟ್ಟ ಹೂಕುಂಡದ ಮೇಲೆ ಕಾಲಿಟ್ಟು ದಾಟಿದ್ದಳು. ಗೋಡೆ ಪಕ್ಕದಿಂದ ಕುಂಡ, ಇಟ್ಟಿಗೆ, ಮುರಿದ ಕುರ್ಚಿ ಎಲ್ಲ ತೆಗೆಯಿರಿ.

ಇಲಿ ಪಾಷಾಣ ಮನೆಯಲ್ಲಿ ಇದ್ದರೆ ಇವತ್ತೇ ಹೊರಗೆ ಹಾಕಿ. ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿ. ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದರೂ ಅಪಾಯವೇ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪಾಷಾಣದ್ದು ಒಂದು ಮೋಸ ಇದೆ. ತಿಂದ ದಿನ ನಾಯಿ ಕುಣಿದಾಡಿಕೊಂಡೇ ಇರುತ್ತದೆ. ಮೂರು ನಾಲ್ಕು ದಿನದ ಮೇಲೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಾಣುತ್ತದೆ. ತಿಂದಿದೆ ಅಂತ ಅನುಮಾನ ಬಂದ ಕೂಡಲೇ ಪಾಕೆಟ್ಟಿನ ಸಮೇತ ಡಾಕ್ಟರ ಹತ್ತಿರ ಹೋಗಿ. ಈ ಬಗೆಯ ವಿಷಕ್ಕೆ ವಿಟಮಿನ್ ಕೆ1 ಮದ್ದು ಇದೆ, ಬೇಗ ಹೋದರೆ ಉಳಿಯುತ್ತದೆ.

ಮೊದಲ ಕೆಲವು ವಾರ

ಉಚ್ಚೆಗೆ ಹೊರಗೆ ಕರೆದುಕೊಂಡು ಹೋಗಬೇಕಾದ ಹೊತ್ತು ನಾಲ್ಕು: ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ, ಮಲಗುವ ಮುಂಚೆ. ಇದರ ನಡುವೆ ಎರಡು ಗಂಟೆಗೊಮ್ಮೆ. ಒಂದೇ ಜಾಗಕ್ಕೆ ಹೋಗಿ. ಆದ ಮೇಲೆ ಅಲ್ಲೇ, ಆ ಕ್ಷಣವೇ ತಿಂಡಿ ಕೊಡಿ. ಒಳಗೆ ಮಾಡಿದರೆ ಸುಮ್ಮನೆ ಒರೆಸಿ. ಮೂಗು ಉಜ್ಜುವ, ಪೇಪರ್ ಸುತ್ತಿ ಹೊಡೆಯುವ ಹಳೇ ಪದ್ಧತಿಯಿಂದ ಅದು ಕಲಿಯುವುದು ಒಂದೇ: ನಿಮಗೆ ಕಾಣದ ಹಾಗೆ ಸೋಫಾ ಹಿಂದೆ ಮಾಡುವುದು.

ಕಚ್ಚುವುದು ಇನ್ನೊಂದು. ಅತ್ತೆಯ ಸೀರೆ ನಿರಿಗೆ ಕಡ್ಲೆಗೆ ನರಿಯ ಬಾಲದ ಹಾಗೆ ಕಂಡಿತೋ ಏನೋ. ಅವರು ಹೆಜ್ಜೆ ಇಟ್ಟರೆ ನಿರಿಗೆ ಅಲ್ಲಾಡುತ್ತದೆ, ಇವಳು ಹಾರಿ ಹಿಡಿಯುತ್ತಾಳೆ, ಅವರು "ಅಯ್ಯೋ" ಅಂತ ಎಳೆಯುತ್ತಾರೆ, ಇವಳು ಇನ್ನೂ ಗಟ್ಟಿಯಾಗಿ ಎಳೆಯುತ್ತಾಳೆ. ಅವಳ ಲೆಕ್ಕದಲ್ಲಿ ಅದು ಊರಿನಲ್ಲೇ ಒಳ್ಳೆಯ ಆಟ. ಕೊನೆಗೆ ದಾರಿ ಕಂಡದ್ದು ಹೀಗೆ: ಹಿಡಿದ ಕೂಡಲೇ ಕಂಬದ ಹಾಗೆ ನಿಲ್ಲಬೇಕು. ಮಾತಿಲ್ಲ, ಎಳೆತ ಇಲ್ಲ. ಬಿಟ್ಟ ಕೂಡಲೇ ಗಂಟು ಹಾಕಿದ ಹಳೇ ಬಟ್ಟೆಯನ್ನು ನೆಲದ ಮೇಲೆ ಎಳೆದು ತೋರಿಸಬೇಕು, ಎಳೆದಾಡುವುದಿದ್ದರೆ ಇದನ್ನು ಎಳಿ ಅಂತ. ಅತ್ತೆ ಹತ್ತು ದಿನ ಸೊಂಟಕ್ಕೆ ಆ ಬಟ್ಟೆ ಸಿಕ್ಕಿಸಿಕೊಂಡು ಓಡಾಡಿದರು. ಹನ್ನೊಂದನೇ ದಿನ ನಿರಿಗೆಯ ಗೊಡವೆ ಬಿಟ್ಟಳು.

ಲಸಿಕೆಯ ವಿಚಾರ ಚುಟುಕಾಗಿ. ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಮೂರು ತಿಂಗಳಿಗೆ ರೇಬೀಸ್, ಆಮೇಲೆ ಪ್ರತಿ ವರ್ಷ. ಇಲಿ ಜ್ವರದ ಲಸಿಕೆ ಈ ಜಾತಿಗೆ ಬೇಕೇ ಬೇಕು, ಏಕೆಂದರೆ ಮೋರಿ ಕಂಡಲ್ಲಿ ಮೂಗು ತೂರಿಸುವುದು ಇದರ ಹುಟ್ಟುಗುಣ, ಮತ್ತು ಆ ಕಾಯಿಲೆ ನಮಗೂ ಅಂಟುತ್ತದೆ. ಜಂತುಹುಳಕ್ಕೆ ಮರಿಯಲ್ಲಿ ಎರಡು ವಾರಕ್ಕೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಬೆಂಗಳೂರಿನಂಥ ನಗರಗಳಲ್ಲಿ ಪಾಲಿಕೆಯ ಪರವಾನಗಿಯೂ ಬೇಕು. ಅದಕ್ಕೆ ರೇಬೀಸ್ ಲಸಿಕೆಯ ಚೀಟಿ ಕೇಳುತ್ತಾರೆ, ಜೋಪಾನವಾಗಿಡಿ.

ಲಸಿಕೆ ಮುಗಿಯುವ ತನಕ ಮರಿಯನ್ನು ಬೀದಿಯ ನೆಲಕ್ಕೆ ಬಿಡಬೇಡಿ. ಆದರೆ ಎತ್ತಿಕೊಂಡು ಹೊರಗೆ ಹೋಗಿ. ಆಟೋ, ಕುಕ್ಕರ್ ವಿಷಲ್, ಹೆಲ್ಮೆಟ್ ಹಾಕಿದವರು, ಊರುಗೋಲು ಹಿಡಿದವರು, ಹಸು, ದೇವಸ್ಥಾನದ ಗಂಟೆ, ಎಲ್ಲವನ್ನೂ ಎದೆಗೆ ಆತುಕೊಂಡೇ ನೋಡಲಿ.

ಕೆಲಸ ಕೊಡಿ, ಇಲ್ಲದಿದ್ದರೆ ಅದೇ ಹುಡುಕಿಕೊಳ್ಳುತ್ತದೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಹದಿನೇಳು ಗುಂಡಿಯ ಕಾಲದಲ್ಲಿ ನಮ್ಮ ಡಾಕ್ಟರು ಒಂದು ಮಾತು ಕೇಳಿದರು. "ಅವಳು ಅಗೆಯೋದು ನಿಲ್ಲಿಸಬೇಕಾ, ಅಥವಾ ಸುಗಂಧರಾಜ ಉಳೀಬೇಕಾ?" ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲವಂತೆ.

ಹಿತ್ತಲಿನ ಮೂಲೆಯಲ್ಲಿ, ನುಗ್ಗೆಮರದ ನೆರಳಿನಲ್ಲಿ, ನಾಲ್ಕಡಿ ಉದ್ದ ಮೂರಡಿ ಅಗಲಕ್ಕೆ ಸುತ್ತ ಇಟ್ಟಿಗೆ ಇಟ್ಟೆವು. ಒಳಗಿನ ಮಣ್ಣು ಸಡಿಲ ಮಾಡಿ ಅರ್ಧಕ್ಕರ್ಧ ಮರಳು ಬೆರೆಸಿದೆವು. ಮೊದಲ ದಿನ ಅವಳ ಕಣ್ಣೆದುರೇ ಹುರಿಗಡಲೆ ಮಣ್ಣಿನ ಮೇಲೆ ಇಟ್ಟೆ. ಎರಡನೇ ದಿನ ಬೆರಳಿನಷ್ಟು ಆಳ. ಆಮೇಲೆ ಅಂಗೈ ಆಳ. ವಾರದ ಹೊತ್ತಿಗೆ ಬೆಳಗ್ಗೆ ಬಾಗಿಲು ತೆಗೆದರೆ ನೇರ ಅಲ್ಲಿಗೇ ಓಟ. ಬೇರೆ ಕಡೆ ಅಗೆಯಲು ಶುರು ಮಾಡಿದರೆ ಬೈಯುವುದಿಲ್ಲ. ಎತ್ತಿ ತಂದು ಇಲ್ಲಿ ಬಿಡುತ್ತೇನೆ, ಒಂದು ಕಡಲೆ ಹೂಳುತ್ತೇನೆ. ಸುಗಂಧರಾಜದ ಸಾಲಿಗೆ ಮಾತ್ರ ಆರು ತಿಂಗಳು ಜಾಲರಿ ಮುಚ್ಚಿದ್ದೆವು. ಪೂರ್ತಿ ಸಾಧು ಆದಳು ಅಂತ ಸುಳ್ಳು ಹೇಳುವುದಿಲ್ಲ. ಮೊದಲ ಮಳೆ ಬಿದ್ದ ದಿನ ಮಣ್ಣಿನ ವಾಸನೆಗೆ ಅವಳ ತಲೆ ಕೆಡುತ್ತದೆ. ಆ ದಿನ ಮಾಫಿ.

ಫ್ಲಾಟಿನಲ್ಲಿ ಇರುವವರು ಬಟ್ಟೆ ನೆನೆಸುವ ದೊಡ್ಡ ಟಬ್ ತೆಗೆದುಕೊಳ್ಳಿ. ಹಳೇ ಸೀರೆ, ಪಂಚೆಗಳನ್ನು ಉದ್ದುದ್ದ ಹರಿದು ತುಂಬಿ. ಊಟದ ಅರ್ಧ ಪಾಲನ್ನು ತಟ್ಟೆಗೆ ಹಾಕದೆ ಅದರೊಳಗೆ ಚೆಲ್ಲಿ. ಹತ್ತು ನಿಮಿಷ ಮೂಗು, ಕಾಲು ಎರಡಕ್ಕೂ ಕೆಲಸ.

ಇನ್ನೊಂದು ಆಟಕ್ಕೆ ದುಡ್ಡೇ ಬೇಡ. ತೆಂಗಿನಕಾಯಿಯ ಮೂರು ಕರಟ ನೆಲದ ಮೇಲೆ ಬೋರಲು ಹಾಕಿ, ಒಂದರ ಕೆಳಗೆ ಬೇಯಿಸಿದ ಮೊಟ್ಟೆಯ ಚೂರು ಇಡಿ. ಮೂಸಿ ಸರಿಯಾದ ಕರಟವನ್ನು ಮೂಗಿನಿಂದ ತಳ್ಳಲಿ. ಅಂಚು ಚೂಪಾಗಿದ್ದರೆ ಉಜ್ಜಿ ನುಣುಪು ಮಾಡಿ. ಆಟ ಮುಗಿದ ಮೇಲೆ ಎತ್ತಿಡಿ, ಅಗಿಯಲು ಬಿಡಬೇಡಿ. ಕರಟದ ಚೂರು ಗಂಟಲಿಗೆ ಸಿಕ್ಕರೆ ಆಪರೇಷನ್‌ಗೇ ದಾರಿ. ಇದು ಸುಲಭವಾದ ಮೇಲೆ ಮನೆಯ ಬೇರೆ ಬೇರೆ ಕೋಣೆಯಲ್ಲಿ ಕರಟ ಇಡಿ.

ವಾಕಿಂಗ್ ಅಂದರೆ ಎಳೆದುಕೊಂಡು ಎರಡು ಕಿಲೋಮೀಟರ್ ನಡೆಸುವುದಲ್ಲ. ಮೂಸಲು ಬಿಡಿ. ಒಂದು ಲೈಟುಕಂಬಕ್ಕೆ ಎರಡು ನಿಮಿಷ ಬೇಕಾದರೆ ಬೇಕು. ಅವಳಿಗೆ ಅದು ಬೆಳಗಿನ ಪೇಪರ್. ಕೊರಳಿಗಿಂತ ಎದೆಗೆ ಹಾಕುವ ಪಟ್ಟಿ ಒಳ್ಳೆಯದು, ಏಕೆಂದರೆ ಅಳಿಲು ಕಂಡ ಕೂಡಲೇ ಇದು ಬಾಣದ ಹಾಗೆ ಹಾರುತ್ತದೆ, ಕೊರಳಿಗೆ ಪೆಟ್ಟಾಗುತ್ತದೆ.

ಬಯಲಿನಲ್ಲಿ ಹಗ್ಗ ಬಿಚ್ಚಬೇಡಿ. "ನಮ್ಮದು ಕರೆದರೆ ಬರುತ್ತೆ" ಅನ್ನುವವರನ್ನು ನೋಡಿದ್ದೇನೆ. ಬರುತ್ತದೆ, ಮುಂಗುಸಿ ಕಾಣುವ ತನಕ. 30 ಅಡಿಯ ಹಗುರ ಹಗ್ಗ ತನ್ನಿ. ಕರೆಯಲು ಹೆಸರು ಬಳಸುವುದಕ್ಕಿಂತ ಸೀಟಿ ಊದಿ. ಹೆಸರನ್ನು ನಾವು ಬೈಯಲೂ ಬಳಸುತ್ತೇವೆ ಅಲ್ವಾ? ಸೀಟಿ ಊದಿದಾಗೆಲ್ಲ ಮನೆಯಲ್ಲಿ ಸಿಗದ ತಿಂಡಿ ಸಿಗಬೇಕು. ಬಂದ ಮೇಲೆ ಪ್ರತಿ ಸಲ ಹಗ್ಗ ಗಿಡ್ಡ ಮಾಡಿ ಹಿಡಿದು ಮನೆಗೆ ಎಳೆದುಕೊಂಡು ಹೋದರೆ ಮೂರನೇ ಸಲ ಬರುವುದಿಲ್ಲ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಬಿಟ್ಟುಬಿಡಿ.

ಬೊಗಳುವುದು ಪೂರ್ತಿ ನಿಲ್ಲುವುದಿಲ್ಲ. ಕಡಿಮೆ ಆಗುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಹಾಕಿದರೆ ಬೀದಿಯ ಮೇಲಿನ ಪಹರೆ ಕೆಲಸ ತಾನಾಗಿ ತಪ್ಪುತ್ತದೆ. ಬೆಲ್ ಆದರೆ ಚಾಪೆಯ ಮೇಲೆ ಹೋಗಿ ನಿಲ್ಲುವುದನ್ನು ಕಲಿಸಿ, ಅಲ್ಲಿ ತಿಂಡಿ ಸಿಗಲಿ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವುದನ್ನು ಅಸೋಸಿಯೇಷನ್‌ನವರು ನಿಷೇಧಿಸುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗಂತ ಕೆಳಮನೆಯ ಅಜ್ಜಿಯ ಮಧ್ಯಾಹ್ನದ ನಿದ್ದೆ ಹಾಳು ಮಾಡಿ ಮಾರ್ಗಸೂಚಿ ತೋರಿಸಲು ಹೋಗಬೇಡಿ. ಒಂದು ಡಬ್ಬಿ ಕೋಡುಬಳೆ ಜಾಸ್ತಿ ಕೆಲಸ ಮಾಡುತ್ತದೆ.

ಊಟ

ಆರು ಕಿಲೋ ತೂಕದ, ಚೆನ್ನಾಗಿ ಓಡಾಡುವ ನಾಯಿಗೆ ದಿನಕ್ಕೆ ಸುಮಾರು 400 ಕ್ಯಾಲೊರಿ ಸಾಕು. ಅಂಗಡಿಯ ಒಣ ಫುಡ್ ಆದರೆ 100ರಿಂದ 120 ಗ್ರಾಂ. ಎರಡು ಹೊತ್ತಿಗೆ ಹಂಚಿ. ಇನ್ನೊಂದು ಲೆಕ್ಕ ಹೇಳುತ್ತೇನೆ. ಒಂದು ಚಪಾತಿ ಅಂದರೆ ಸರಿಸುಮಾರು 100 ಕ್ಯಾಲೊರಿ. ನಾವು ಉಣ್ಣುವಾಗ "ಪಾಪ ನೋಡ್ತಿದೆ" ಅಂತ ಒಂದು ಚಪಾತಿ ಕೊಟ್ಟರೆ ಅದರ ದಿನದ ಊಟದಲ್ಲಿ ಕಾಲು ಭಾಗ ಕೊಟ್ಟ ಹಾಗೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಎಣಿಸಲು ಸಿಗಬೇಕು.

ಬರೀ ಮೊಸರನ್ನ ಅಥವಾ ರಾಗಿ ಅಂಬಲಿಯಿಂದ ಈ ನಾಯಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮನೆ ಅಡುಗೆಯೇ ಕೊಡುವುದಾದರೆ ಅನ್ನಕ್ಕಿಂತ ಕೋಳಿ, ಮೊಟ್ಟೆಯ ಪಾಲು ಜಾಸ್ತಿ ಇರಲಿ, ಸ್ವಲ್ಪ ಬೇಯಿಸಿದ ಕುಂಬಳ ಇರಲಿ. ಕ್ಯಾಲ್ಸಿಯಂ ಎಷ್ಟು ಸೇರಿಸಬೇಕು ಅಂತ ಡಾಕ್ಟರನ್ನು ಕೇಳಿ. ಮಾಂಸ ಬೇಯಿಸದ ಮನೆಗಳಲ್ಲಿ ಒಣ ಫುಡ್ ಸುಲಭದ ದಾರಿ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್. ಈರುಳ್ಳಿ ಹಾಕಿದ ಸಾಂಬಾರು ಕಲಸಿದ ಅನ್ನವೂ ಬೇಡ. ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತ್ ಬೇಡ. ಹಬ್ಬದ ದಿನ ಮನೆಗೆ ಬಂದ ನೆಂಟರಿಗೂ ಇದನ್ನು ಹೇಳಬೇಕಾಗುತ್ತದೆ. ಬೇಯಿಸಿದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ. ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಅರ್ಧ ಮುರಿದು ಕೊಡಬೇಡಿ.

ಉಣ್ಣೆಯ ಕಾಟ

ಕೆಲವು ಕಡೆ ಉಣುಗು ಅನ್ನುತ್ತಾರೆ. ನಮ್ಮ ಹವೆಯಲ್ಲಿ ನಾಯಿ ಸಾಕುವವರ ಮೊದಲ ಶತ್ರು ಇದೇ. ಪೊದೆ ಕಂಡಲ್ಲಿ ನುಗ್ಗುವ ಟೆರಿಯರ್‌ಗಂತೂ ಇನ್ನೂ ಜಾಸ್ತಿ. ಬಿಳಿ ಮೈ ಇರುವುದು ಇಲ್ಲಿ ಪುಣ್ಯ, ಬೇಗ ಕಣ್ಣಿಗೆ ಬೀಳುತ್ತದೆ. ದಿನಾ ರಾತ್ರಿ ಐದು ನಿಮಿಷ ಬೆರಳಾಡಿಸಿ: ಕಿವಿಯ ಮಡಿಕೆ, ಬೆರಳ ಸಂದು, ಕಂಕುಳು, ಕೊರಳಪಟ್ಟಿಯ ಕೆಳಗೆ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರಕ್ಕೆ ಎಳೆದು ಸ್ಪಿರಿಟ್‌ಗೆ ಹಾಕಿ. ಉಗುರಿನಲ್ಲಿ ಕುಕ್ಕಬೇಡಿ. ಸೀಮೆಎಣ್ಣೆ ಸವರಬೇಡಿ, ಚರ್ಮ ಸುಡುತ್ತದೆ.

ಬೇವಿನ ಸೊಪ್ಪಿನ ನೀರಿನ ಸ್ನಾನ ನಾನೂ ಮಾಡಿಸಿದ್ದೇನೆ. ನಾಯಿಗೆ ಕಹಿ ವಾಸನೆ ಬಂತು, ಉಣ್ಣೆ ಹೋಗಲಿಲ್ಲ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನುಂಗಿಸುವ ಮಾತ್ರೆಗಳಿವೆ, ಬೆನ್ನಿಗೆ ಹನಿಸುವ ಔಷಧಿ ಇದೆ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ನಾಯಿಗೆ ಔಷಧಿ ಹಾಕಿ ಮನೆಯನ್ನು ಮರೆತರೆ ಪ್ರಯೋಜನ ಇಲ್ಲ. ಒಂದು ಹೆಣ್ಣು ಉಣ್ಣೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಅದೂ ಗೋಡೆಯ ಬಿರುಕಿನಲ್ಲಿ, ಹೊಸ್ತಿಲ ಸಂದಿಯಲ್ಲಿ. ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ನಾಯಿಯ ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಕಡ್ಲೆಗೆ ಮೂರನೇ ವರ್ಷದಲ್ಲಿ ಉಣ್ಣೆ ಜ್ವರ ಬಂತು. ಗೊತ್ತಾದದ್ದು ಹೇಗೆ ಅಂದರೆ, ಗೇಟಿನ ಸದ್ದಾಯಿತು, ಅವಳು ಎದ್ದು ಬರಲಿಲ್ಲ. ಅಷ್ಟೇ. ಊಟ ಬಿಟ್ಟಿದ್ದು ಆಮೇಲೆ. ಈ ಜಾತಿಯ ನಾಯಿ ಗೇಟಿನ ಸದ್ದಿಗೆ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ವಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದರೆ ಆ ಹೊತ್ತೇ ರಕ್ತ ಪರೀಕ್ಷೆ ಮಾಡಿಸಿ. ಸುಮಾರು ಒಂದು ತಿಂಗಳ ಮಾತ್ರೆ ಕೊಟ್ಟರು. ಎರಡನೇ ವಾರಕ್ಕೇ ಚುರುಕಾದಳು, ಆದರೂ ಪೂರ್ತಿ ಮುಗಿಸಿದೆವು. ನಡುವೆ ನಿಲ್ಲಿಸಬಾರದು.

ಹೆಗ್ಗಣ, ಕಪ್ಪೆ, ಹಾವು

ಹೆಗ್ಗಣ ಹಿಡಿದರೆ ಹೊಗಳಬೇಕೋ ಬೈಯಬೇಕೋ ತಿಳಿಯುವುದಿಲ್ಲ. ಬಾಯಿಂದ ಕಿತ್ತುಕೊಳ್ಳಲು ಹೋಗಬೇಡಿ, ಘಮಘಮ ಅನ್ನುವ ಬೇರೆ ತಿಂಡಿ ತೋರಿಸಿ ಬಿಡಿಸಿ. ಕಚ್ಚಿದ ಗಾಯ ಇದೆಯಾ ಅಂತ ಮೂತಿಯನ್ನು ಬೆಳಕಿನಲ್ಲಿ ನೋಡಿ. ಮೈಮೇಲೆ ಗಂಟುಗಂಟಿರುವ ನೆಲಗಪ್ಪೆಗೆ ಬಾಯಿ ಹಾಕಿದರೆ ನೊರೆ ಸುರಿಯುತ್ತದೆ. ತಲೆ ಕೆಳಗೆ ಬಗ್ಗಿಸಿ ಬಾಯಿಯ ಪಕ್ಕದಿಂದ ನೀರು ಬಿಟ್ಟು ಚೆನ್ನಾಗಿ ತೊಳೆಯಿರಿ. ನೀರು ಗಂಟಲಿಗೆ ಇಳಿಯದಿರಲಿ. ನೊರೆ ನಿಲ್ಲದಿದ್ದರೆ, ತೂರಾಡಿದರೆ ಆಸ್ಪತ್ರೆ.

ಹಾವಿನ ವಿಚಾರ ತಮಾಷೆಯದ್ದಲ್ಲ. ಬೇರೆ ನಾಯಿಗಳು ಹಾವು ಕಂಡರೆ ದೂರ ನಿಂತು ಬೊಗಳಿದರೆ ಟೆರಿಯರ್ ಹಿಡಿದು ಕೊಡವುತ್ತದೆ. ಒಂದು ಸಂಜೆ ಪಕ್ಕದ ಖಾಲಿ ಸೈಟಿನ ಇಟ್ಟಿಗೆ ರಾಶಿಯ ಮುಂದೆ ಕಡ್ಲೆ ನಿಂತುಬಿಟ್ಟಳು. ಬೊಗಳಲಿಲ್ಲ. ಮುಂಗಾಲು ಒಂದು ಎತ್ತಿ, ಬಾಲ ನೆಟ್ಟಗೆ, ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು. ಹಗ್ಗ ಎಳೆದು ಎತ್ತಿಕೊಂಡೆ. ಎರಡು ಇಟ್ಟಿಗೆಯ ನಡುವೆ ದಪ್ಪ ಸರಪಳಿಯ ಹಾಗೆ ಕಂದು ಮಚ್ಚೆ. ಕೊಳಕುಮಂಡಲ. ಇಂಗ್ಲಿಷಿನಲ್ಲಿ ಈ ಹಾವಿಗೂ ರಸೆಲ್ ಹೆಸರೇ. ಅವರು ಪ್ಯಾಟ್ರಿಕ್ ರಸೆಲ್, ಭಾರತದ ಹಾವುಗಳ ಬಗ್ಗೆ ಅಧ್ಯಯನ ಮಾಡಿದ ಸ್ಕಾಟ್ಲೆಂಡಿನ ವೈದ್ಯ. ಒಬ್ಬ ರಸೆಲ್‌ನ ನಾಯಿ ಇನ್ನೊಬ್ಬ ರಸೆಲ್‌ನ ಹಾವಿನ ಮುಂದೆ!

ಕಚ್ಚಿದೆ ಅಂತ ಅನುಮಾನ ಬಂದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ನಡೆಸದೆ ಎತ್ತಿಕೊಂಡು ಹೋಗಿ. ಹಾವಿನ ವಿಷದ ಮದ್ದು ಇದೆಯಾ ಅಂತ ದಾರಿಯಲ್ಲೇ ಫೋನ್ ಮಾಡಿ ಕೇಳಿ, ಎಲ್ಲ ಕ್ಲಿನಿಕ್‌ನಲ್ಲೂ ಇರುವುದಿಲ್ಲ. ಎಲ್ಲಿ ಇರುತ್ತದೆ ಅನ್ನುವುದನ್ನು ಇವತ್ತೇ ವಿಚಾರಿಸಿ ಫ್ರಿಜ್ ಮೇಲೆ ಬರೆದು ಅಂಟಿಸಿ. ಹಿತ್ತಲಲ್ಲಿ ಸೌದೆ, ಇಟ್ಟಿಗೆ ರಾಶಿ ಬೇಡ.

ಬಿಸಿಲು, ಪಟಾಕಿ, ಮೈ, ಹಲ್ಲು

ಮಾರ್ಚ್‌ನಿಂದ ಮೇ ತನಕ ವಾಕಿಂಗ್ ಬೆಳಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ. ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಈ ನಾಯಿ ಸುಸ್ತಾಯಿತು ಅಂತ ತಾನಾಗಿ ನಿಲ್ಲುವುದಿಲ್ಲ, ಚೆಂಡು ಎಸೆದಷ್ಟೂ ಓಡುತ್ತದೆ. ನಿಲ್ಲಿಸಬೇಕಾದವರು ನೀವು. ಏದುಸಿರು ನಿಲ್ಲದೆ, ಜೊಲ್ಲು ಸುರಿದು ತೂರಾಡಿದರೆ ಮೈಗೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಆಸ್ಪತ್ರೆಗೆ ಹೊರಡಿ.

ದೀಪಾವಳಿಯ ಮೂರು ದಿನ ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್, ಟೀವಿ ಸದ್ದು ಹಾಕಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ.

ಸ್ನಾನ ತಿಂಗಳಿಗೊಮ್ಮೆ ಸಾಕು. ಗಿಡ್ಡ ಕೂದಲು, ಉದುರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಮ್ಮ ಮನೆಯ ಕಪ್ಪು ಪ್ಯಾಂಟು ತೋರಿಸುತ್ತೇನೆ. ವಾರಕ್ಕೆ ಎರಡು ಸಲ ರಬ್ಬರ್ ಬ್ರಷ್‌ನಲ್ಲಿ ಉಜ್ಜಿ. ಹಲ್ಲು ಉಜ್ಜಲು ನಾಯಿಗೆಂದೇ ಬರುವ ಪೇಸ್ಟ್ ಬಳಸಿ, ನಮ್ಮದು ಬೇಡ. ಸಣ್ಣ ನಾಯಿಗಳ ಬಾಯಿಗೆ ಪಾಚಿ ಬೇಗ ಕಟ್ಟುತ್ತದೆ. ಕಡ್ಲೆಯ ನಾಲ್ಕು ಹಲ್ಲು ಹೋದದ್ದು ನನ್ನ ಸೋಮಾರಿತನದಿಂದ.

ಕಣ್ಣಿನ ವಿಚಾರದಲ್ಲಿ ಮಾತ್ರ ಒಂದು ಗಂಟೆಯೂ ತಡ ಮಾಡಬೇಡಿ. ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾರುವ ವಂಶದ ಕಾಯಿಲೆ ಇದೆ, ನಡುವಯಸ್ಸಿನಲ್ಲಿ ಬರುತ್ತದೆ. ಕಣ್ಣು ಕೆಂಪಾಗಿ, ಮಬ್ಬಾಗಿ, ಬೆಳಕಿಗೆ ಮುಚ್ಚಿಕೊಂಡರೆ ಧೂಳು ಬಿದ್ದಿರಬೇಕು ಅಂತ ಪನ್ನೀರು ಹಾಕಿ ಕೂರಬೇಡಿ. ಅದೇ ದಿನ ತೋರಿಸಿದರೆ ದೃಷ್ಟಿ ಉಳಿಸಬಹುದು.

ವಯಸ್ಸಾದ ಮೇಲೆ

ಹತ್ತು ದಾಟಿದ ಮೇಲೆ ವರ್ಷಕ್ಕೆ ಎರಡು ಸಲ ಡಾಕ್ಟರ ಭೇಟಿ, ಒಮ್ಮೆ ರಕ್ತ ಪರೀಕ್ಷೆ. ಊಟ ಸ್ವಲ್ಪ ಕಡಿಮೆ, ವಾಕಿಂಗ್ ಒಂದರ ಬದಲು ಮೂರು ಚಿಕ್ಕವು. ಜಾರುವ ನೆಲಕ್ಕೆ ಚಾಪೆ ಹಾಸಿ. ಸೋಫಾ ಪಕ್ಕ ಒಂದು ಮಣೆ ಇಡಿ. ಹಾರುವುದನ್ನು ಅದು ಬಿಡುವುದಿಲ್ಲ, ಇಳಿಯುವಾಗ ಮಂಡಿಗೆ ಪೆಟ್ಟಾಗುವುದಾದರೂ ತಪ್ಪುತ್ತದೆ. ಬೆನ್ನ ಹಿಂದಿನಿಂದ ಹೋಗಿ ಮುಟ್ಟಬೇಡಿ. ಕಿವಿ ಮಂದವಾಗಿರುತ್ತದೆ, ಬೆಚ್ಚಿ ಕಚ್ಚಿದರೆ ತಪ್ಪು ಅದರದ್ದಲ್ಲ. ನೆಲಕ್ಕೆ ಕಾಲು ಕುಟ್ಟಿ ಹತ್ತಿರ ಹೋಗಿ.

ಅಗೆಯುವ ಗುಂಡಿ ಮಾತ್ರ ಮುಚ್ಚಬೇಡಿ. ಮರಳಿನ ಪಾಲು ಜಾಸ್ತಿ ಮಾಡಿ ಮಣ್ಣನ್ನು ಮೆತ್ತಗೆ ಇಡಿ, ಉಗುರು ಬಿರುಕು ಬಿಡದಂತೆ ಆಗಾಗ ನೋಡಿ. ಹಲ್ಲಿಲ್ಲದಿದ್ದರೆ ಹುರಿಗಡಲೆಯ ಬದಲು ಮೊಟ್ಟೆಯ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಹೂಳಿ. ಆಳ ಎರಡು ಬೆರಳು ಸಾಕು. ಕಡ್ಲೆ ಈಗ ನಾಲ್ಕು ಸಲ ಕೆರೆದು, ನಿಂತು, ನನ್ನ ಕಡೆ ನೋಡುತ್ತಾಳೆ. ಮಿಕ್ಕದ್ದನ್ನು ನಾನು ತೋಡುತ್ತೇನೆ.